ಕಾಣದ ಕೈ

19 ಅಕ್ಟೋಬರ್ 2025, ಭಾನುವಾರ

ಹಬ್ಬಕ್ಕೆ ಮಗ, ಸೊಸೆ, ಮೊಮ್ಮಗ ಬೆಂಗಳೂರಿನಿಂದ ಬಂದರು. ಬಟ್ಟೆಗಿಂತ ವೈರುಗಳೇ ಜಾಸ್ತಿ. ಮೈಕ್ರೋಸಾಫ್ಟ್‌ನ ಫ್ಲೈಟ್ ಸಿಮ್ಯುಲೇಟರ್ ಅಂತೆ. 2020ರಲ್ಲಿ ಬಂದದ್ದು, ಆ ವರ್ಷದ ಕೊನೆಯಲ್ಲೇ ಅದಕ್ಕೆ ವಿಆರ್ ಸೇರಿಸಿದರಂತೆ.

"ಅಜ್ಜ, ಸಣ್ಣ ಸೆಸ್ನಾ ಕೊಡ್ತೀನಿ" ಅಂದ ಮೊಮ್ಮಗ. ವಿಆರ್ ಕನ್ನಡಕ ಮುಖಕ್ಕೆ ಕಟ್ಟಿಕೊಂಡೆ. ತಲೆ ತಿರುಗಿಸಿದರೆ ರೆಕ್ಕೆ, ಬಗ್ಗಿದರೆ ಮೀಟರುಗಳು. ನನ್ನ ಕೈ ಮಾತ್ರ ಇಲ್ಲ! ಕೊಟ್ಟ ಎರಡು ಹಿಡಿಗಳಿಂದ ಅಲ್ಲಿನ ಚುಕ್ಕಾಣಿ ಹಿಡಿದರೆ ಭಾರವೇ ಇಲ್ಲ, ಗಾಳಿ ಹಿಡಿದ ಹಾಗೆ. ಎಷ್ಟು ಎಳೆದೆ ಎಂದು ತಿಳಿಯುವಷ್ಟರಲ್ಲಿ ಮೂಗು ಆಕಾಶಕ್ಕೆ, ತಗ್ಗಿಸಿದರೆ ಹೊಲಕ್ಕೆ. ಎರಡೇ ನಿಮಿಷ, ಹೊಟ್ಟೆ ತೊಳೆಸಿತು.

"ಆಗುಂಬೆ ಘಾಟಿ ಇಳೀತಿದ್ದೀರಾ? ನಿಂಬೆಹಣ್ಣು ಮೂಸಿ ರೀ" ಎಂದು ಒಳಗಿಂದ ಇವಳು. ಘಾಟಿಯದು ಇದರ ತಿರುವುಮುರುವು. ಬಸ್ಸಿನಲ್ಲಿ ತಿರುವು ಮೈಗೆ ಗೊತ್ತು, ಕಣ್ಣು ಮುಂದಿನ ಸೀಟಿನ ಮೇಲೆ. ಇಲ್ಲಿ ಕಣ್ಣು ಹಾರುತ್ತದೆ, ಮೈ ಕುರ್ಚಿ ಬಿಟ್ಟು ಅಲುಗಿಲ್ಲ.

21 ಅಕ್ಟೋಬರ್, ಮಂಗಳವಾರ, ಅಮಾವಾಸ್ಯೆ

ಮಗ ಇವತ್ತು ಮೇಜಿಗೆ ನಿಜವಾದ ಜಾಯ್‌ಸ್ಟಿಕ್ ಬಿಗಿದುಕೊಟ್ಟ. ಇದೂ ಕಾಣುವುದಿಲ್ಲ, ಆದರೆ ತಡಕಿದರೆ ಸಿಗುತ್ತದೆ. ಒಳಗೆ ಸ್ಪ್ರಿಂಗ್ ಇದೆ, ಕೈಗೆ ಎದುರು ಕೊಡುತ್ತದೆ. ಅಷ್ಟು ಸಾಕಾಯಿತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು. ಅಲ್ಲಿ ಓವರ್‌ಹೆಡ್ ಕ್ರೇನಿನ ಕ್ಯಾಬಿನ್‌ನಲ್ಲಿ ನಿವೃತ್ತಿಯವರೆಗೂ ಕೂತವನು ನಾನು. ಲಿವರ್ ನೋಡಿ ಕ್ರೇನ್ ಓಡಿಸಿದವರುಂಟೆ? ಕಣ್ಣೆಲ್ಲ ಕೆಳಗಿನ ಕೊಕ್ಕೆಯ ಮೇಲೆ. ಟ್ರಾಲಿ ನಿಂತರೂ ತೂಗುವ ಸರಕು ಮುಂದೆ ಹೋಗುತ್ತದೆ. ಹೊಸಬ ಗಾಬರಿಯಾಗಿ ಹಿಂದಕ್ಕೆ ಎಳೆಯುತ್ತಾನೆ, ತೂಗಾಟ ಇನ್ನೂ ಜೋರು. ಸರಕು ಆ ತುದಿ ಮುಟ್ಟುವ ಹೊತ್ತಿಗೆ ಟ್ರಾಲಿಯನ್ನು ಅದರ ತಲೆಯ ಮೇಲಕ್ಕೆ ಒಂಚೂರು ಬಿಟ್ಟರೆ ತಣ್ಣಗೆ ನಿಲ್ಲುತ್ತದೆ. ಮೊನ್ನೆ ನಾನು ಹೊಲಕ್ಕೂ ಆಕಾಶಕ್ಕೂ ಅಲೆದದ್ದು ಆ ಹೊಸಬನ ತಪ್ಪೇ. ವಿಮಾನವೂ ತಡವಾಗಿ ಮಾತು ಕೇಳುವ ಪ್ರಾಣಿ. ಒಂಚೂರು ಒತ್ತಿ ಕಾಯಬೇಕು. ಮೊಮ್ಮಗನಿಗೆ ಕಾಯುವುದೇ ಬಾರದು. ಪಟಾಕಿಯಲ್ಲೂ ಹಾಗೇ.

22 ಅಕ್ಟೋಬರ್, ಬುಧವಾರ, ಬಲಿಪಾಡ್ಯಮಿ

ಶಿವಮೊಗ್ಗದ ಮೇಲೆ ಹಾರಿದೆ. ತುಂಗೆಯ ಬಳುಕು ಸರಿಯಾಗಿದೆ. ನಮ್ಮ ಕೋಟೆ ಬೀದಿಯ ಮನೆಗಳು ಮಾತ್ರ ಉಪಗ್ರಹದ ಚಿತ್ರ ನೋಡಿ ಊಹಿಸಿ ಕಟ್ಟಿದವು. ಶಿವಪ್ಪನಾಯಕನ ಅರಮನೆ ಹುಡುಕಿ ಸೋತೆ.

ಇಳಿಯುವ ಅಭ್ಯಾಸಕ್ಕೆ ಬೆಂಗಳೂರೇ ವಾಸಿ ಅಂದ ಮಗ. ಅಲ್ಲಿನ ರನ್‌ವೇ 4 ಕಿಲೋಮೀಟರ್, ನಮ್ಮೂರಿನ ಸೋಗಾನೆ ವಿಮಾನ ನಿಲ್ದಾಣದ್ದು 3.2. ವೇಗ 65 ನಾಟ್‌ಗೆ ಇಳಿಸಿ, ಕಣ್ಣನ್ನು ರನ್‌ವೇಯ ಆ ತುದಿಗೆ ನೆಟ್ಟೆ. ಹೊಟ್ಟೆಯೂ ಸುಮ್ಮನಿತ್ತು. ಮೂರನೇ ಸಲಕ್ಕೆ ಚಕ್ರ ನೆಲ ಮುಟ್ಟಿತು, ಸ್ವಲ್ಪ ಕುಪ್ಪಳಿಸಿ.

24 ಅಕ್ಟೋಬರ್, ಶುಕ್ರವಾರ

ಎಲ್ಲರೂ ಹೊರಟರು, ರೈಲಿನಲ್ಲಿ. ಸೋಗಾನೆಗೆ 2023ರ ಆಗಸ್ಟ್ 31ರಂದು ಮೊದಲ ವಿಮಾನ ಬಂದಾಗ ಇದೇ ತಾರಸಿಯಲ್ಲಿ ನಿಂತು ಆಕಾಶ ಹುಡುಕಿದ್ದೆ. ಇವತ್ತೂ ಸ್ವಲ್ಪ ಹೊತ್ತು ನಿಂತೆ.

ಜಾಯ್‌ಸ್ಟಿಕ್ ಬಿಗಿದಿದ್ದ ಜಾಗದಲ್ಲಿ ಮಾವನವರು ಕೊಟ್ಟ ಬೀಟೆ ಮೇಜಿಗೆ ತಿರುಪಿನ ಗುರುತು ಬಿದ್ದಿದೆ. ಮೇಲೆ ಪೇಪರ್ ಹಾಸಿದ್ದೇನೆ. ಇವಳಿಗೆ ಇನ್ನೂ ಹೇಳಿಲ್ಲ.