ಹಾರದ ಹದ್ದು

ಮೊನ್ನೆ ಭಾನುವಾರ ಸಂಜೆ ಕೆ.ಆರ್.ಪುರದ ಹ್ಯಾಂಗಿಂಗ್ ಬ್ರಿಡ್ಜಿನ ಫೋಟೋ ತೆಗೆದೆ, ಎಫ್/22ರಲ್ಲಿ. ಮನೆಗೆ ಬಂದು ನೋಡಿದರೆ ಮೇಲೆ ಎಡಗಡೆ ಒಂದು ಹದ್ದು. ಪರವಾಗಿಲ್ವೇ ಅಂದುಕೊಂಡೆ. ಮುಂದಿನ ಫೋಟೋದಲ್ಲೂ ಅದೇ ಹದ್ದು, ಅದೇ ಜಾಗದಲ್ಲಿ. ಹಿಂದಿನ ವಾರದ ಹಲಸೂರು ಕೆರೆಯ ಮೇಲೂ! ಸೆನ್ಸರ್ ಮೇಲೆ ಧೂಳು ಕೂತಿತ್ತು.

ಇಂಜಿನಿಯರ್ ಅಲ್ವಾ, ರಿಪೇರಿಯವರಿಗೆ ಯಾಕೆ ದುಡ್ಡು ಕೊಡೋದು ಅನ್ನೋ ಜಂಬ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದೆ (ಮಧ್ಯದಲ್ಲಿ ಸತ್ತರೆ ಕನ್ನಡಿ ಸ್ವ್ಯಾಬ್ ಮೇಲೇ ಬೀಳುತ್ತೆ). ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರಿನಿಂದ ಊದಿದೆ. ಸಣ್ಣ ಚುಕ್ಕೆಗಳು ಹೋದವು, ಹದ್ದು ಮಾತ್ರ ಹಾರಲಿಲ್ಲ. ಚಿತ್ರ ಒಳಗೆ ತಲೆಕೆಳಗಾಗಿ ಬೀಳೋದರಿಂದ ಫೋಟೋದಲ್ಲಿ ಮೇಲಿರುವ ಧೂಳು ಸೆನ್ಸರಿನಲ್ಲಿ ಕೆಳಗಿರುತ್ತೆ. ಅಷ್ಟು ಗೊತ್ತಿತ್ತು. ಸ್ವ್ಯಾಬಿಗೆ ದ್ರಾವಣ ಹಾಕಿ ಒರೆಸಿದೆ. ಜಾಸ್ತಿ ಆಯ್ತು. ಹದ್ದು ಹೋಗಿ ಉದ್ದಕ್ಕೊಂದು ಗೀರು!

ರಾತ್ರಿಯೆಲ್ಲಾ ನಿದ್ದೆ ಇಲ್ಲ. ಶುಕ್ರವಾರ ತಂಗಿಯ ಸೀಮಂತ, ಫೋಟೋ ನಂದೇ ಅಂತ ಒಪ್ಪಿಕೊಂಡಾಗಿದೆ. ಬೆಳಿಗ್ಗೆಯೇ ಇಂದಿರಾನಗರದ ರಿಪೇರಿಯವರ ಹತ್ತಿರ ಓಡಿದೆ.

"ಗೀರಲ್ಲ ಸಾರ್, ದ್ರಾವಣ ಒಣಗಿದ ಕಲೆ. ನೀವು ಒರೆಸಿದ್ದು ಸೆನ್ಸರನ್ನಲ್ಲ, ಅದರ ಮೇಲಿನ ಗಾಜನ್ನ" ಅಂದರು. ಸ್ವ್ಯಾಬನ್ನು ಒಂದು ಸಲ ಎಳೆದರು, ತಿರುಗಿಸಿ ಇನ್ನೊಂದು ಸಲ. ಮುಗೀತು. "ಆ ಧೂಳು ಮನೆಯೊಳಗೆ ಎಫ್/4ರಲ್ಲಿ ತೆಗೆದರೆ ಕಾಣ್ತಾನೇ ಇರಲಿಲ್ಲ" ಅಂತ ಬೇರೆ ಸೇರಿಸಿದರು. ನಾನು ಸುಮ್ಮನೆ ಪರ್ಸ್ ತೆಗೆದೆ.

ಊದೋದು ಈಗಲೂ ನಾನೇ. ಒರೆಸೋದು ಅವರಿಗೆ ಬಿಟ್ಟಿದ್ದೀನಿ. ಪ್ಯಾಕಿನಲ್ಲಿ 11 ಸ್ವ್ಯಾಬ್ ಉಳಿದಿವೆ, ಯಾರಿಗಾದರೂ ಬೇಕಿದ್ದರೆ ಹೇಳಿ.