ಇಳಿತದ ಹೊತ್ತಿನ ಅಘನಾಶಿನಿ

ಚಳಿಗಾಲದ ಮಾತು ಇದು. ಕುಮಟಾ ಬಿಟ್ಟು ಅಘನಾಶಿನಿಯ ದಡಕ್ಕೆ ಬಂದಾಗ ಇನ್ನೂ ಮಬ್ಬುಗತ್ತಲೆ. ನಮ್ಮ ಕೊರಳಲ್ಲಿ ಆಗಲೇ ದುರ್ಬೀನು. ದೋಣಿಯ ಅಣ್ಣನಿಗೆ ಮಾತ್ರ ಅವಸರವಿಲ್ಲ. "ನೀರು ಇಳೂಕೆ ಶುರುವಾಗ್ಲಿ ತಂಗಿ, ಹಕ್ಕಿ ತಾವಾಗೇ ಬತ್ತವೆ" ಎಂದು ಬೀಡಿ ಹಚ್ಚಿ ಕೂತರು.

ನೀರು ಇಳಿಯತೊಡಗಿದಾಗ ನಮ್ಮ ಪಾತಿ ದೋಣಿ ಕಾಂಡ್ಲಾ ಕಾಡಿನ ಸಣ್ಣ ಕವಲಿಗೆ ಹೊಕ್ಕಿತು. ಹುಟ್ಟು ಒಳಗಿಟ್ಟು ಅಣ್ಣ ಗಳ ಊರಿದರು. ಎರಡೂ ಬದಿಗೆ ಕೆಸರಿಗೆ ಕಾಲೂರಿ ನಿಂತ ಬೇರುಗಳು. ಮರದ ಮೇಲೇ ಮೊಳೆತ ಕಾಂಡ್ಲಾ ಸಸಿಗಳು ನುಗ್ಗೆಕಾಯಿಯ ಹಾಗೆ ತೂಗುತ್ತಿದ್ದವು. ಉದುರಿದರೆ ಕೆಲವು ಅಲ್ಲೇ ಕೆಸರಿಗೆ ನಾಟಿಕೊಳ್ಳುತ್ತವೆ, ಉಳಿದವು ತೇಲಿ ಬೇರೆ ದಡ ಹಿಡಿಯುತ್ತವೆ. ಅಣ್ಣ ಉಪ್ಪಟ್ಟಿ ಮರದ ಒಂದು ಎಲೆ ಕಿತ್ತು "ನೆಕ್ಕಿ ನೋಡು" ಎಂದರು. ಅಪ್ಪಟ ಉಪ್ಪು! ಬೇರು ಹೀರಿದ ಉಪ್ಪನ್ನು ಈ ಮರ ಎಲೆಯ ಮೂಲಕ ಹೊರಗೆ ಹಾಕುತ್ತದೆ. ಓದಿ ತಿಳಿದಿದ್ದೆ, ನಾಲಿಗೆಗೆ ತಾಗಿದ್ದು ಆವತ್ತೇ.

ಕವಲು ದಾಟಿ ಹೊರಬಂದರೆ ಕಣ್ಣು ಹಾಯುವವರೆಗೆ ಕೆಸರು. ಅದರ ಮೇಲೆ ಹಕ್ಕಿಗಳ ಸಂತೆ. ಬೆಳ್ಳಕ್ಕಿಗಳು, ಉತ್ತರದ ಶೀತ ದೇಶಗಳಿಂದ ಬಂದ ಗೊರವಗಳು, ಮೇಲೆ ಸುತ್ತುವ ಗರುಡ. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ಗೊರವವೊಂದು ಬಿಲದಿಂದ ಏಡಿಯನ್ನು ಎಳೆಯಿತು. ಕಾಲುಗಳು ಕಳಚುವವರೆಗೆ ಕೊಡವಿ ಕೊಡವಿ ಒಡಲನ್ನಷ್ಟೇ ನುಂಗಿತು. ಆ ನಾಜೂಕನ್ನು ಎಷ್ಟು ಹೊತ್ತು ನೋಡಿದರೂ ಸಾಲದು.

ಅದೇ ಕೆಸರಿನ ಆಚೆ ಹೆಂಗಸರು ಮೊಣಕಾಲು ನೀರಿನಲ್ಲಿ ನಿಂತು, ಕಾಲಿನಿಂದ ತಡವಿ ಬಳಚು ಹೆಕ್ಕುತ್ತಿದ್ದರು. ಹಕ್ಕಿಗೂ ಇವರಿಗೂ ಊಟ ಬಡಿಸುವುದು ಒಂದೇ ಇಳಿತ. ಶರಾವತಿ, ಕಾಳಿಗಳಂತೆ ಈ ಹೊಳೆಗೆ ಅಣೆಕಟ್ಟಿಲ್ಲ. ಮೇಲಿನ ಸಿಹಿನೀರು, ಕೆಳಗಿನ ಭರತ ಎರಡೂ ತಮ್ಮ ಪಾಡಿಗೆ ಬಂದು ಬೆರೆಯುವುದರಿಂದಲೇ ಇಲ್ಲಿ ಇಷ್ಟು ಚಿಪ್ಪು, ಇಷ್ಟು ಮೀನು, ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ. ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಇಲ್ಲಿಯವರು ಗಟ್ಟಿಯಾಗಿ ವಿರೋಧಿಸಿದ್ದು ಸುಮ್ಮನೆ ಅಲ್ಲ. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದವರು ಈ ಹೆಂಗಸರೇ.

ನೀರು ತಿರುಗುವ ಹೊತ್ತಿಗೆ ಅವರಲ್ಲೊಬ್ಬರು ಬುಟ್ಟಿ ಸಮೇತ ನಮ್ಮ ಪಾತಿ ಹತ್ತಿದರು. "ಹಕ್ಕಿ ಕಂಡ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎರಡು ಬೊಗಸೆ ಬಳಚನ್ನು ನನ್ನ ಚೀಲಕ್ಕೆ ಸುರಿದರು. ದುಡ್ಡು ಕೊಡಹೋದರೆ ಕೈ ತಳ್ಳಿಬಿಟ್ಟರು. "ಮನೆಗೆ ಹೋದವ್ಳೇ ಉಪ್ಪುನೀರಲ್ಲಿ ಹಾಕಿಡು, ಹೊಯ್ಗೆ ಎಲ್ಲ ಕಾರ್ತದೆ. ಆಮೇಲೆ ಕಾಯಿ ಹಾಕಿ ಸುಕ್ಕೆ ಮಾಡು" ಎಂದರು.