ಉಲ್ಲನ್ ಹೋರಿಯ ಬೆನ್ನು ಹತ್ತಿ

ಶಿವಮೊಗ್ಗ ಬಿಟ್ಟ ಬಸ್ಸು ಸವಳಂಗ ದಾಟುವ ಹೊತ್ತಿಗೆ ನನ್ನ ತೊಡೆಯ ಮೇಲೆ ಒಂದು ಹೂಕೋಸು ಅರಳಿತ್ತು. ನಾನು ಹೆಣೆಯಲು ಕೂತದ್ದು ಹೋರಿಯ ತಲೆ. ಬಿಳಿ ಉಲ್ಲನ್ ಉಂಡೆ, ಮೂರೂವರೆ ಮಿಲಿಮೀಟರಿನ ಕ್ರೋಶಾ ಕಡ್ಡಿ, ಹಿಂದಿನ ರಾತ್ರಿ ಮೊಬೈಲಿನಲ್ಲಿ ಮೂರು ಸಲ ನೋಡಿದ ವಿಡಿಯೊ. ಇಷ್ಟೇ ನನ್ನ ಬಂಡವಾಳ. ಮೊದಲ ಸುತ್ತಿಗೆ ಆರು ಮನೆ, ಎರಡನೆಯದಕ್ಕೆ ಹನ್ನೆರಡು ಎಂಬುದು ನೆನಪಿತ್ತು. ದುಪ್ಪಟ್ಟು ಮಾಡುತ್ತ ಹೋಗುವುದೇ ಕ್ರಮ ಇರಬೇಕು ಎಂದುಕೊಂಡು ಇಪ್ಪತ್ನಾಲ್ಕು ಮಾಡಿದೆ, ನಲವತ್ತೆಂಟು ಮಾಡಿದೆ. ತಟ್ಟೆಯಂತೆ ಹರಡಬೇಕಾದದ್ದು ಅಂಚೆಲ್ಲ ನಿರಿಗೆಗಟ್ಟಿ ಕೂತಿತು.

ಇದೆಲ್ಲ ತಂಗಿಯ ಮೊಮ್ಮಗಳ ದೆಸೆಯಿಂದ. ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಬೆಳೆಯುತ್ತಿರುವ ಎರಡೂವರೆ ವರ್ಷದ ಕೂಸು, ಯಾರದೋ ಮೊಬೈಲಿನಲ್ಲಿ ಹೋರಿ ಹಬ್ಬ ನೋಡಿ ‘ಹೋಯಿ ಬೇಕು’ ಎಂದು ಹಠ ಹಿಡಿದಿತ್ತು. ಅಂಗಡಿಯಲ್ಲಿ ಕರಡಿ, ಮೊಲ, ಡೈನೋಸಾರ್ ಎಲ್ಲ ಉಂಟು, ಹೋರಿ ಇಲ್ಲ. ಸೊರಬದ ಹತ್ತಿರದ ಹಳ್ಳಿಯಲ್ಲಿರುವ ದೊಡ್ಡಮ್ಮನಿಗೆ ಕ್ರೋಶಾ ಬರುತ್ತದೆಂದು ಗೊತ್ತಿತ್ತು. ದೀಪಾವಳಿ ಮುಗಿದ ವಾರ, ರಜೆ ಹಾಕಿ ಹೊರಟೆ.

‘ಅಂಕಲ್, ಏನದು?’ ಎಂದಿತು ಪಕ್ಕದ ಸೀಟು. ಕಾಲೇಜಿನ ಹುಡುಗಿ.

‘ಹೋರಿ.’

‘ಹೋರಿ ಅಲ್ಲ, ಕೋಸು. ಇನ್‌ಕ್ರೀಸ್ ಜಾಸ್ತಿ ಆಗಿದೆ.’

ಕೇಳದೆಯೇ ದಾರದ ತುದಿ ಹಿಡಿದು ಸರ್ರನೆ ಎಳೆದಳು. ನನ್ನ ಮುಕ್ಕಾಲು ಗಂಟೆಯ ಸಾಧನೆ ನೂಡಲ್ಸಿನಂತೆ ಅವಳ ಮಡಿಲಿಗೆ ಬಿತ್ತು. ಸ್ವೆಟರ್ ಹೆಣೆಯುವ ಜೋಡಿ ಕಡ್ಡಿಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಒಟ್ಟಿಗೆ ಜೀವ ಹಿಡಿದು ನಿಂತಿರುತ್ತವೆ. ಕ್ರೋಶಾದಲ್ಲಿ ಯಾವಾಗಲೂ ಒಂದೇ ಕುಣಿಕೆಗೆ ಜೀವ, ಉಳಿದವೆಲ್ಲ ಮುಗಿದ ಲೆಕ್ಕ. ಹಾಗಾಗಿ ಬಿಚ್ಚಲು ಬೇಕಾದದ್ದು ಒಂದು ಎಳೆತ, ಮತ್ತು ಪರರ ಶ್ರಮದ ಬಗ್ಗೆ ತುಸು ನಿರ್ದಯೆ.

ಬೆರಳಿಗೆ ದಾರ ಸುತ್ತಿ, ಬಿಗಿಯಬಲ್ಲ ಬಳೆಯೊಂದನ್ನು ಮಾಡಿ, ಅದರೊಳಗೆ ಆರು ಮನೆ ಹಾಕಿ ಕೊಟ್ಟಳು. ಇದಕ್ಕೆ ಮ್ಯಾಜಿಕ್ ರಿಂಗ್ ಎಂದು ಹೆಸರು. ಬಾಲ ಎಳೆದರೆ ನಡುವಿನ ತೂತು ಮಾಯ. ‘ಸುತ್ತು ಶುರುವಾಗೋ ಕಡೆ ಪಿನ್ನು ಚುಚ್ಚಿ ಅಂಕಲ್, ಇಲ್ದಿದ್ರೆ ಲೆಕ್ಕ ತಪ್ತೀರ’ ಎಂದು ತನ್ನ ದುಪಟ್ಟಾದ ಪಿನ್ನನ್ನೇ ಬಿಚ್ಚಿ ಕೊಟ್ಟು ಶಿಕಾರಿಪುರದಲ್ಲಿ ಇಳಿದುಹೋದಳು.

ನಾನು ಕೆಡಿಸಿದ್ದನ್ನೇ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ ಬೇಕೆಂದೇ ಹೆಣೆದಿದ್ದರು. ಮನೆಗಳನ್ನು ಒಂದೇ ಪ್ರಮಾಣದಲ್ಲಿ ಏರಿಸುತ್ತ ಹೋದರೆ ಬರುವ ಆ ನಿರಿಗೆ, ಹೈಪರ್ಬೋಲಿಕ್ ಜ್ಯಾಮಿತಿಯ ಮೈ. ಕಾಗದದ ಮೇಲೆ ಬಿಡಿಸಿ ತೋರಿಸಲು ಪರದಾಡಬೇಕಾದದ್ದನ್ನು ಅವರು ಕ್ರೋಶಾದಲ್ಲಿ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಹುಡುಗಿ ಇಳಿಯುವ ಮೊದಲು ಇದು ನೆನಪಾಗಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಶಿಕಾರಿಪುರದ ಪೇಟೆಯಲ್ಲಿ ಆ ವಾರ ಹೋರಿಯ ಸಾಮಾನಿನದೇ ವ್ಯಾಪಾರ. ಗೆಜ್ಜೆಸರ, ಕೋಡಣಸು, ಜರಿ ಅಂಚಿನ ಜೂಲು, ಬಲೂನಿನ ಗೊಂಚಲು, ಕೆಂಪು ಹಳದಿ ಉಲ್ಲನ್ ಗೊಂಡೆ. ಅಂಗಡಿಯವನು ನನ್ನನ್ನು ಹೋರಿ ಸಾಕಿದ ಪುಣ್ಯವಂತನೆಂದೇ ತಿಳಿದ.

‘ಕೊಬ್ಬರಿ ಹೋರಿನೋ, ಪೀಪಿ ಹೋರಿನೋ?’

ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡು ಓಡುವುದು ಮೊದಲನೆಯದು. ಬಲೂನು ಕಟ್ಟಿದ ಎತ್ತರದ ಕೋಲನ್ನು ಹೊತ್ತು ಓಡುವುದು ಎರಡನೆಯದು. ಇಲ್ಲಿ ಬಲೂನಿಗೆ ಪೀಪಿ ಎನ್ನುತ್ತಾರೆ.

‘ಇಷ್ಟೇ ಎತ್ತರದ್ದು’ ಎಂದು ಗೇಣು ತೋರಿಸಿದೆ. ಅವನು ನನ್ನ ಗೇಣನ್ನೂ ಮುಖವನ್ನೂ ನೋಡಿ, ಮಾತಾಡದೆ ಒಂದು ಮೊಳ ಕೆಂಪು ಗೊಂಡೆ ದಾರ ಕತ್ತರಿಸಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.

ಶಿರಾಳಕೊಪ್ಪದ ದಾರಿಯುದ್ದಕ್ಕೂ ಅರ್ಧ ರಸ್ತೆ ಮೆಕ್ಕೆಜೋಳದ ಪಾಲು. ಡಾಂಬರಿನ ಮೇಲೆ ಕಾಳು ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಬಸ್ಸು ಮಿಕ್ಕ ಅರ್ಧದಲ್ಲಿ ನಯವಾಗಿ ಜರುಗಿ ಹೋಗುತ್ತಿತ್ತು. ನಡುವೆ ಒಂದು ಹಳ್ಳಿಯಲ್ಲಿ ಬಸ್ಸು ನಿಂತೇಬಿಟ್ಟಿತು. ಮುಂದೆ ಹೋರಿ ಹಬ್ಬ.

ಮೊಬೈಲಿನಲ್ಲಿ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡೂ ಬದಿಗೆ ಬೇಲಿ, ಬೇಲಿಯ ಮೇಲೆ, ಮರದ ಮೇಲೆ, ತಾರಸಿಯ ಮೇಲೆ ಜನ. ಒಂದೊಂದು ಹೋರಿಗೂ ಒಂದು ಹೆಸರು, ಹೆಸರು ಅಚ್ಚು ಹಾಕಿಸಿದ ಟೀ ಶರ್ಟು ತೊಟ್ಟ ಅಭಿಮಾನಿ ಬಳಗ. ಮೈಕಿನಲ್ಲಿ ಹೆಸರು ಕೂಗಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗೆಜ್ಜೆಯ ಸದ್ದು ಮೊದಲು ಬಂತು, ಹಿಂದೆ ಹೋರಿ. ಹಳ್ಳಿಕಾರ್ ತಳಿಯ ಕೋಡು, ಹಿಂದಕ್ಕೆ ಬಾಗಿ ಮೇಲೆದ್ದ ಎರಡು ಬಿಲ್ಲು. ಹಿಣಿಲು ಒಂದು ಬದಿಗೆ ತುಯ್ದಾಡುತ್ತಿತ್ತು. ಬಲೂನುಗಳು ಆಕಾಶದಲ್ಲಿ ತೊನೆದವು. ನಾಲ್ಕೈದು ಹುಡುಗರು ಸರಕ್ಕೆ ಕೈಹಾಕಿದರು, ಒಬ್ಬನ ಕೈಗೂ ಸಿಗಲಿಲ್ಲ. ಲೆಕ್ಕ ಹಾಕಿದರೆ ಆರೇಳು ಸೆಕೆಂಡು. ದೂಳು ಉಳಿಯಿತು.

ಈ ಹಬ್ಬದ ಮೇಲೆ ನನಗೆ ಪೂರ್ತಿ ಒಲವಿಲ್ಲ. ತಿವಿತಕ್ಕೆ, ತುಳಿತಕ್ಕೆ ಸಿಕ್ಕಿ ಜೀವ ಕಳೆದುಕೊಂಡವರ ಸುದ್ದಿ ಹೋರಿ ಹಬ್ಬದ ದಿನಗಳಲ್ಲಿ ಓದಿದ್ದೇನೆ. ಆದರೆ ಓಟ ಮುಗಿಸಿದ ಹೋರಿಯ ಮುಖವನ್ನು ಯಜಮಾನ ಹೆಗಲ ಟವೆಲ್ಲಿನಿಂದ ಒರೆಸುತ್ತಿದ್ದುದನ್ನು ಹತ್ತಿರದಿಂದ ನೋಡಿದೆ. ಕಣ್ಣಿನ ಮೂಲೆಯ ದೂಳನ್ನು ಬೆರಳ ತುದಿಯಿಂದ, ಕೂಸಿಗೆ ಕಾಡಿಗೆ ತಿದ್ದುವ ಹಾಗೆ, ತೆಗೆಯುತ್ತಿದ್ದ. ಹೋರಿ ಕಣ್ಣು ಮುಚ್ಚಿ ನಿಂತಿತ್ತು. ಆ ಮುಚ್ಚಿದ ಕಣ್ಣನ್ನು ನಾನು ಹೆಣೆಯಬೇಕಾದ ತಲೆಗೆ ಅಲ್ಲೇ ಗೊತ್ತುಮಾಡಿಕೊಂಡೆ.

ಅಕ್ಕಮಹಾದೇವಿಯ ಉಡುತಡಿಯ ಸೀಮೆ ಇದೇ. ಶಿರಾಳಕೊಪ್ಪದಲ್ಲಿ ಇಳಿದು ಆಟೋ ಹಿಡಿದರೆ ಬಳ್ಳಿಗಾವೆ, ಅಲ್ಲಮನ ಊರು. ಅಲ್ಲಿಗೆ ಹೋದದ್ದು ಅಲ್ಲಮನಿಗಾಗಿ ಅಲ್ಲ, ಸೊರಬದ ಬಸ್ಸಿಗೆ ಎರಡು ಗಂಟೆ ಇದ್ದದ್ದಕ್ಕೆ. ಕೇದಾರೇಶ್ವರ ಗುಡಿಯ ಮಂಟಪದಲ್ಲಿ ಕಂಬಕ್ಕೆ ಒರಗಿ, ಹುಡುಗಿ ಹಾಕಿಕೊಟ್ಟ ಆರು ಮನೆಗಳನ್ನು ಮುಂದುವರಿಸಲು ಕೂತೆ. ಎದುರಿನ ಕಂಬದ ಮೇಲೆ ಕಣ್ಣು ಬಿತ್ತು, ಕಡ್ಡಿ ನಿಂತಿತು.

ಕಲ್ಯಾಣ ಚಾಲುಕ್ಯರ ಕಾಲದ ಕಂಬಗಳವು. ಬಳಪದ ಕಲ್ಲನ್ನು ತಿರುಗಣೆಗೆ ಹಾಕಿ ಕಡೆದದ್ದು. ಕೆಳಗಿನಿಂದ ನೋಡುತ್ತ ಬನ್ನಿ: ಸಣ್ಣ ಕೊರಳು, ಗಂಟೆಯಂತೆ ಉಬ್ಬಿದ ಹೊಟ್ಟೆ, ಮತ್ತೆ ಕೊರಳು, ಅದರ ಮೇಲೆ ತಟ್ಟೆಯಂತೆ ಚಾಚಿದ ಬಳೆ. ಸುತ್ತು ಹಿಗ್ಗುತ್ತದೆ, ಕೆಲವು ಸುತ್ತು ಹಾಗೇ ನಿಲ್ಲುತ್ತದೆ, ಆಮೇಲೆ ಕುಗ್ಗುತ್ತದೆ. ಎಲ್ಲೂ ಮೂಲೆಯಿಲ್ಲ. ವಿಡಿಯೊದಲ್ಲಿ ಮೂರು ಸಲ ನೋಡಿಯೂ ತಲೆಗೆ ಹೋಗದ್ದು ಕಲ್ಲಿನಲ್ಲಿ ಸಲೀಸಾಗಿ ಹೋಯಿತು. ನನಗೆ ಬೇಕಾದ ಹೋರಿಯ ತಲೆ, ಹೊಟ್ಟೆ, ಕಾಲು ಎಲ್ಲವೂ ಆ ಒಂದು ಕಂಬದಲ್ಲಿದ್ದವು. ಒಂಬೈನೂರು ವರ್ಷಗಳಿಗೂ ಹಳೆಯ ನುಣುಪಿನಲ್ಲಿ ನನ್ನ ಮುಖವೂ ಮಸುಕಾಗಿ, ಬಾಯಿ ಬಿಟ್ಟುಕೊಂಡು ಕಾಣುತ್ತಿತ್ತು.

ಊರೊಳಗೆ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ಇಲ್ಲಿನ ಗಂಡಭೇರುಂಡ ಬರೀ ಹಕ್ಕಿಯಲ್ಲ, ಮನುಷ್ಯನ ಮೈಗೆ ಎರಡು ಹಕ್ಕಿ ತಲೆ. ಜಪಾನಿನವರು ಹೆಣೆದು ಹತ್ತಿ ತುಂಬಿದ ಗೊಂಬೆಗೆ ಅಮಿಗುರುಮಿ ಎನ್ನುತ್ತಾರೆ. ‘ಅಮಿ’ ಎಂದರೆ ಹೆಣಿಗೆ, ‘ನುಯಿಗುರುಮಿ’ ಎಂದರೆ ತುಂಬಿದ ಗೊಂಬೆ. ಅವರ ಕರಡಿ, ಬೆಕ್ಕುಗಳೂ ಮನುಷ್ಯರ ಹಾಗೆ ಎರಡು ಕಾಲಲ್ಲಿ ನಿಲ್ಲುತ್ತವೆ. ಭೇರುಂಡನ ಎದುರು ನಿಂತಾಗ ಅದು ಅಂಥ ಹೊಸ ಚೇಷ್ಟೆ ಅನ್ನಿಸಲಿಲ್ಲ. ತ್ರಿಪುರಾಂತಕ ಗುಡಿಯಲ್ಲಿ ಪಂಚತಂತ್ರದ ಶಿಲ್ಪಗಳಿವೆ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದೂ ಅದೇ 11ನೇ ಶತಮಾನದಲ್ಲಿ, ಅದೇ ಚಾಲುಕ್ಯರ ಆಶ್ರಯದಲ್ಲಿ. ಪಂಚತಂತ್ರದ ಮೊದಲ ಕಥೆ ಶುರುವಾಗುವುದೇ ಒಂದು ಎತ್ತಿನಿಂದ. ಕಾಲು ಮುರಿದುಕೊಂಡದ್ದಕ್ಕೆ ವರ್ತಕ ಕಾಡಿನಲ್ಲೇ ಬಿಟ್ಟುಹೋದ ಸಂಜೀವಕ. ಅದು ಸಾಯದೆ ಹುಲ್ಲು ಮೇಯ್ದು ಕೊಬ್ಬಿ, ಸಿಂಹಕ್ಕೇ ನಡುಕ ಹುಟ್ಟುವಂತೆ ಗುಟುರು ಹಾಕಿತು. ನನ್ನ ಹೋರಿಗೆ ಹೆಸರು ಸಿಕ್ಕಿತು.

ಸೊರಬ ಎಂಬ ಹೆಸರು ಸುರಭಿಯಿಂದ, ಅಂದರೆ ಕಾಮಧೇನುವಿನಿಂದ ಬಂತು ಎಂಬುದು ಊರಿನವರ ಐತಿಹ್ಯ. ಹಸುವಿನ ಊರಿಗೆ ಹೋರಿ ಹೆಣೆಯಲು ಬಂದೆ ಎಂದರೆ ದೊಡ್ಡಮ್ಮ ನಗಲಿಲ್ಲ. ‘ಮೊದ್ಲು ಕಾಲು ತೊಳ್ಕೊ’ ಅಂದಳು.

ಅವಳ ಮನೆಯಲ್ಲಿ ಕ್ರೋಶಾ ಮುಟ್ಟದ ಸಾಮಾನಿಲ್ಲ. ಟೀಪಾಯಿ, ಟೀವಿ, ಕೆಟ್ಟು ಹದಿನೈದು ವರ್ಷವಾದ ರೇಡಿಯೊ ಎಲ್ಲಕ್ಕೂ ಜಾಲರಿಯ ಹೊದಿಕೆ, ಬಾಗಿಲಿಗೆ ಗಿಳಿಯ ತೋರಣ. ಆದರೆ ಉಬ್ಬಿದ ಪ್ರಾಣಿಯನ್ನು ಅವಳು ಹೆಣೆದೇ ಇರಲಿಲ್ಲ. ವಿಡಿಯೊ ತೋರಿಸಿದೆ. ಅರ್ಧಕ್ಕೇ ಮೊಬೈಲು ವಾಪಸು ಕೊಟ್ಟಳು.

‘ಕುಲಾವಿ ಕಣೋ ಇದು. ಎರಡು ಕುಲಾವಿ ಬಾಯಿಗೆ ಬಾಯಿ ಕೂಡಿಸಿದ್ರೆ ತಲೆ.’

ಕೂಸಿನ ಟೋಪಿ ಹೆಣೆದ ಕೈಗೆ ಅಷ್ಟು ಸಾಕು. ನನ್ನಂಥವರಿಗಾಗಿ ಬಿಡಿಸಿ ಹೇಳುತ್ತೇನೆ. ಬಳೆಯೊಳಗೆ ಆರು ಮನೆ. ಎರಡನೇ ಸುತ್ತಿಗೆ ಪ್ರತಿ ಮನೆಯಲ್ಲೂ ಎರಡು ಹಾಕಿ ಹನ್ನೆರಡು. ಮೂರಕ್ಕೆ ಒಂದು ಮನೆ ಬಿಟ್ಟು ಒಂದರಲ್ಲಿ ಎರಡು, ಹದಿನೆಂಟು. ನಾಲ್ಕಕ್ಕೆ ಎರಡು ಬಿಟ್ಟು ಒಂದರಲ್ಲಿ, ಇಪ್ಪತ್ನಾಲ್ಕು. ಸುತ್ತಿಗೆ ಆರೇ ಹೆಚ್ಚಬೇಕು, ನಾನು ಮಾಡಿದಂತೆ ದುಪ್ಪಟ್ಟಲ್ಲ. ಆಮೇಲೆ ನಾಲ್ಕು ಸುತ್ತು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಲ್ಲಿಂದ ಎರಡು ಮನೆಯನ್ನು ಒಂದು ಮಾಡುತ್ತ ಬಂದ ದಾರಿಯಲ್ಲೇ ವಾಪಸು: ಹದಿನೆಂಟು, ಹನ್ನೆರಡು. ಬಾಯಿ ಮುಚ್ಚುವ ಮೊದಲು ಹತ್ತಿ ತುಂಬಿ, ಕೊನೆಗೆ ಆರು.

ಆರೇ ಯಾಕೆ ಎಂದು ದೊಡ್ಡಮ್ಮನನ್ನು ಕೇಳಿದೆ. ‘ಐದು ಹಾಕಿದ್ರೆ ಬಟ್ಲಾಗ್ತದೆ, ಎಂಟು ಹಾಕಿದ್ರೆ ನಿರಿಗೆ ಬರ್ತದೆ, ಆರು ಹಾಕಿದ್ರೆ ಸಪಾಟು’ ಅಂದಳು. ರಾತ್ರಿ ಮಲಗಿದಾಗ ಲೆಕ್ಕ ಹೊಳೆಯಿತು. ಈ ಗಿಡ್ಡ ಹೆಣಿಗೆಯ ಒಂದು ಮನೆ ಹೆಚ್ಚುಕಡಿಮೆ ಚೌಕ, ಅಗಲದಷ್ಟೇ ಎತ್ತರ. ಒಂದು ಸುತ್ತು ಸೇರಿದರೆ ವೃತ್ತದ ತ್ರಿಜ್ಯ ಒಂದು ಮನೆ ಬೆಳೆಯುತ್ತದೆ, ಪರಿಧಿ ಎರಡು ಪೈ ಬೆಳೆಯಬೇಕು, ಅಂದರೆ 6.28. ದೊಡ್ಡಮ್ಮ ಓದಿದ್ದು ಏಳನೇ ಇಯತ್ತೆ. ಪೈ ಅವಳ ಬೆರಳ ತುದಿಯಲ್ಲಿತ್ತು. ಎದ್ದು ಹೋಗಿ ಹೇಳಬೇಕೆನ್ನಿಸಿತು, ಬೈಯುತ್ತಾಳೆಂದು ಸುಮ್ಮನಾದೆ.

ಮರುದಿನ ಜಗುಲಿಯಲ್ಲಿ ಹೊಟ್ಟೆ, ಕಾಲು, ಕೋಡು. ಬೇಯಿಸಿದ ಅಡಿಕೆಯ ಒಗರು ವಾಸನೆ ಅಂಗಳ ತುಂಬಿತ್ತು. ಪಕ್ಕದ ದೀವರ ಮನೆಯ ಹೆಂಗಸು ನೋಡಲು ಬಂದರು. ಅವರ ಗೋಡೆಗೆ ನೇತುಹಾಕಿದ್ದ ಭೂಮಣ್ಣಿ ಬುಟ್ಟಿ ನಮ್ಮ ಜಗುಲಿಗೇ ಕಾಣುತ್ತಿತ್ತು. ದೀಪಾವಳಿಗೆ ಹದಿನೈದು ದಿನ ಮೊದಲಿನ ಭೂಮಿ ಹುಣ್ಣಿಮೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆದದ್ದು. ಕೂದಲೆಳೆಯಂಥ ಗೆರೆಗಳು, ಒಂದಕ್ಕೊಂದು ತಾಗದೆ. ಅವರು ನನ್ನ ಕಾಲುಗಳನ್ನು ಕೈಯಲ್ಲಿ ಹಿಡಿದು, ‘ಕಡ್ಡಿ ಸಡ್ಲ ಹಿಡಿದೀರಿ, ಹತ್ತಿ ಇಣುಕ್ತದೆ’ ಎಂದರು. ಸರಿಯಾಗಿಯೇ ಇತ್ತು. ತುಂಬಿದ್ದು ಹಳೇ ದಿಂಬಿನ ಬೂರುಗದ ಅರಳೆ, ಚೂರು ಸಂದಿ ಸಿಕ್ಕರೂ ಹೊರಗೆ. ಎರಡು ಕಾಲು ಬಿಚ್ಚಿ ಬಿಗಿಯಾಗಿ ಹೆಣೆದೆ. ಸೊರಬ, ಸಾಗರದ ಗುಡಿಗಾರರು ಗಂಧದ ಮರದಲ್ಲಿ ಆನೆ ಕೆತ್ತುವಾಗ ಉಳಿ ತಪ್ಪಿದರೆ ಹೋದದ್ದು ಹೋಯಿತು. ನನಗೆ ಆ ಶಿಕ್ಷೆ ಇರಲಿಲ್ಲ.

ಕಣ್ಣಿಗೆಂದು ಶಿಕಾರಿಪುರದಲ್ಲಿ ಕಪ್ಪು ಮಣಿ ಕೊಂಡಿದ್ದೆ. ದೊಡ್ಡಮ್ಮನ ಡಬ್ಬಿಯಲ್ಲಿ ಗುಲಗಂಜಿಯೂ ಇತ್ತು, ಕೆಂಪು ಮೈ, ಕಪ್ಪು ಚುಕ್ಕೆ, ಹೋರಿಯ ಕಣ್ಣಿಗೆ ಹೇಳಿ ಮಾಡಿಸಿದಂತೆ. ಎರಡನ್ನೂ ಕಿತ್ತುಕೊಂಡಳು. ಮಣಿ ಕಿತ್ತು ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಗುಲಗಂಜಿ ವಿಷ. ‘ಬಾಯಿಗೆ ಹಾಕೋ ಕೂಸಿಗೆ ಕಣ್ಣು ದಾರದ್ದೇ.’ ಕಪ್ಪು ದಾರದಲ್ಲಿ ಎರಡು ಬಾಗಿದ ಗೆರೆ ಹೊಲಿದೆ. ದೂಳು ಒರೆಸಿಕೊಳ್ಳುತ್ತ ನಿಂತ ಹೋರಿಯ ಮುಚ್ಚಿದ ಕಣ್ಣು. ಕೊರಳಿಗೆ ಅಂಗಡಿಯವನ ಗೊಂಡೆ ದಾರ ಬಿಗಿಯಾಗಿ ಹೊಲಿದೆ, ಜೋತುಬಿಡಲಿಲ್ಲ. ಕಾಲೇಜು ಹುಡುಗಿಯ ಪಿನ್ನು ಮರೆಯದೆ ತೆಗೆದಿಟ್ಟೆ.

ಹೆಣೆಯಲು ಮನಸ್ಸಾದರೆ ಕಪ್ಪು ದಾರದಿಂದ ಶುರುಮಾಡಬೇಡಿ, ಮನೆ ಕಾಣುವುದಿಲ್ಲ. ಬಿಳಿಯೋ ತಿಳಿ ಹಳದಿಯೋ ಇರಲಿ.

ಸಂಜೀವಕ ಈಗ ಹತ್ತನೇ ಮಹಡಿಯಲ್ಲಿದ್ದಾನೆ. ಎಡ ಮುಂಗಾಲು ಎರಡು ಸುತ್ತು ಗಿಡ್ಡ, ಗೋಡೆಗೆ ಒರಗಿಸಿದರೆ ನಿಲ್ಲುತ್ತಾನೆ.